ವಿಡಿಯೊ ಕೊಟೇಶನ್ನಿನ ಪದಗಳು: ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಬರೆಸಿಕೊಳ್ಳಲೇಬೇಕು

ಪ್ರಶ್ನೆ: ನಾವು ತಿಪಟೂರಿನ ಹತ್ತಿರ ಮರದ ಗಾಣದಲ್ಲಿ ಕೊಬ್ಬರಿ ಎಣ್ಣೆ ತೆಗೆದು, ಬಾಟಲಿ ತುಂಬಿ ಮಾರುತ್ತೇವೆ. ಈವರೆಗೆ ಸುತ್ತಲಿನ ಅಂಗಡಿಗಳಿಗಷ್ಟೇ ಕೊಡುತ್ತಿದ್ದೆವು. ಈಗ ಆನ್‌ಲೈನ್ ಮಾರಾಟ ಶುರು ಮಾಡುವವರಿದ್ದೇವೆ. ಅಮೆರಿಕದಲ್ಲಿರುವ ನೆಂಟರೊಬ್ಬರು ಅಲ್ಲಿಯೂ ಮಾರಿಕೊಡುವುದಾಗಿ ಹೇಳಿದ್ದಾರೆ. ಇದಕ್ಕೆಂದು ಬೆಂಗಳೂರಿನ ಒಂದು ಸಂಸ್ಥೆಯಿಂದ ಕೊಟೇಶನ್ ತರಿಸಿದೆವು. 60 ಸೆಕೆಂಡಿನ ಒಂದು, 15 ಸೆಕೆಂಡಿನ ಮೂರು ವಿಡಿಯೊಗಳಿಗೆ 1,80,000 ರೂಪಾಯಿ, ಜಿಎಸ್‌ಟಿ ಬೇರೆ. ಅದರಲ್ಲಿ ‘ಎರಡು ರಿವಿಷನ್ ಮಾತ್ರ’, ‘ಪಿಕ್ಚರ್ ಲಾಕ್ ನಂತರದ ಬದಲಾವಣೆಗೆ ಪ್ರತ್ಯೇಕ ಶುಲ್ಕ’, ‘ರಾ ಫುಟೇಜ್ ಸೇರಿಲ್ಲ’, ‘ಯೂಸೇಜ್: ಡಿಜಿಟಲ್, ಒಂದು ವರ್ಷ’, ‘ಕಿಲ್ ಫೀ ಶೇ 50’, ‘ಕ್ಲೇಮ್‌ಗಳಿಗೆ ಕ್ಲೈಂಟ್ ಹೊಣೆ’ ಎಂದೆಲ್ಲ ಬರೆದಿದ್ದಾರೆ. ನಾವೇ ದುಡ್ಡು ಕೊಟ್ಟು ಮಾಡಿಸಿದ ವಿಡಿಯೊ ನಮಗೆ ಒಂದೇ ವರ್ಷವೇ? ನಮ್ಮೂರಿನ ಮದುವೆ ವಿಡಿಯೊದವರು 35,000ಕ್ಕೆ ಎಲ್ಲ ಮಾಡಿ ರಾ ಫುಟೇಜನ್ನೂ ಕೊಡುತ್ತೇನೆ, 30 ಸೆಕೆಂಡಿಗಿಂತ ಕಡಿಮೆ ಬಳಸಿದರೆ ಸಿನಿಮಾ ಹಾಡು ಹಾಕಿದರೂ ತೊಂದರೆಯಿಲ್ಲ ಎನ್ನುತ್ತಾರೆ. ಎಣ್ಣೆ ಹೃದಯಕ್ಕೆ ಹಿತ, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ ಎಂಬ ಮಾತನ್ನೂ ವಿಡಿಯೊದಲ್ಲಿ ಹೇಳಿಸಬೇಕೆಂದಿದ್ದೇವೆ. ಯಾರನ್ನು ನಂಬುವುದು, ಯಾವುದಕ್ಕೆ ಸಹಿ ಹಾಕುವುದು?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಅರ್ಥವಾಗದ ಪದಗಳ ಮರೆಯಲ್ಲಿ ಮೋಸವಿದೆಯೇನೋ ಎಂಬುದು ಒಂದು; ಅಷ್ಟು ಹಣ ಕೊಟ್ಟರೂ ವಿಡಿಯೊ ಪೂರ್ತಿಯಾಗಿ ನಮ್ಮದಾಗುವುದಿಲ್ಲವೇನೋ ಎಂಬುದು ಇನ್ನೊಂದು. ಮೊದಲನೆಯದನ್ನು ಬಹುಮಟ್ಟಿಗೆ ಬಿಟ್ಟುಬಿಡಿ. ನೀವು ಪಟ್ಟಿ ಮಾಡಿದ ಪದಗಳೆಲ್ಲ ಜಾಹೀರಾತು ವಿಡಿಯೊ ಮಾಡುವವರ ನಿತ್ಯದ ಮಾತುಗಳೇ ಹೊರತು ನಿಮಗಾಗಿ ಹೊಸೆದವಲ್ಲ. ಎರಡನೆಯ ಆತಂಕಕ್ಕೆ ಮಾತ್ರ ಕಾರಣವಿದೆ. ಈ ಪದಗಳಲ್ಲಿ ಪ್ರತಿಯೊಂದೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತದೆ: ಕೆಲಸದ ನಡುವೆ ಯಾರದಾದರೂ ಮನಸ್ಸು ಬದಲಾದರೆ, ಮಳೆ ಬಂದರೆ, ಮುಂದೆ ತಕರಾರು ಎದ್ದರೆ ಖರ್ಚು ಯಾರ ತಲೆಗೆ ಎಂಬುದು. ಕೊಟೇಶನ್ ಬರೆದವರು ಸಹಜವಾಗಿ ತಮ್ಮ ಅನುಕೂಲಕ್ಕೆ ತಕ್ಕ ಉತ್ತರಗಳನ್ನು ಬರೆದುಕೊಂಡಿದ್ದಾರೆ. ಅದು ಮೊದಲ ಕರಡು ಅಷ್ಟೆ, ಅದನ್ನು ತಿದ್ದಿ ವಾಪಸು ಕಳಿಸುವ ಅಧಿಕಾರ ತಮಗೂ ಉಂಟು ಎಂಬುದು ಸಣ್ಣ ಉದ್ದಿಮೆ ನಡೆಸುವ ಬಹಳಷ್ಟು ಜನಕ್ಕೆ ಹೊಳೆಯುವುದೇ ಇಲ್ಲ. ಅವರು ದರದ ಮೇಲೆ ಹತ್ತು ಸಾವಿರ ಇಳಿಸಲು ವಾರಗಟ್ಟಲೆ ಚೌಕಾಸಿ ಮಾಡುತ್ತಾರೆ, ಷರತ್ತುಗಳ ಪುಟವನ್ನು ಓದದೆ ಸಹಿ ಹಾಕುತ್ತಾರೆ.

ಹಕ್ಕಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮುಂದೆ ಸರಿಪಡಿಸಲು ಅತಿ ಕಷ್ಟವಾಗುವುದು ಅದೇ. ದುಡ್ಡು ಕೊಟ್ಟವರದೇ ವಿಡಿಯೊ ಎಂಬ ನಿಮ್ಮ ಭಾವನೆಗೆ ಕಾನೂನಿನಲ್ಲಿ ಆಧಾರವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಪ್ರತಿಫಲ ಕೊಟ್ಟು ಹೇಳಿ ಮಾಡಿಸಿದ ಚಲನಚಿತ್ರದ ಮೊದಲ ಹಕ್ಕುದಾರರು ಅದನ್ನು ಮಾಡಿಸಿದವರೇ. ಈ ಕಾಯ್ದೆಯ ಮಟ್ಟಿಗೆ ಚಲನಚಿತ್ರವೆಂದರೆ ಥಿಯೇಟರಿನ ಸಿನಿಮಾ ಮಾತ್ರವಲ್ಲ, ವಿಡಿಯೊ ಚಿತ್ರೀಕರಣವೂ ಅದರಲ್ಲಿ ಸೇರುತ್ತದೆ. ಆದರೆ ಅದೇ ಸೆಕ್ಷನ್‌ನಲ್ಲಿ, ಇದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ ಎಂಬ ಷರತ್ತೂ ಇದೆ. ಅಂದರೆ ಏನೂ ಬರೆಯದೆ ಬಿಟ್ಟಿದ್ದರೆ ಕಾನೂನು ನಿಮ್ಮ ಪರವಾಗಿಯೇ ಇರುತ್ತಿತ್ತು. ‘ಯೂಸೇಜ್: ಡಿಜಿಟಲ್, ಒಂದು ವರ್ಷ’ ಎಂಬ ಆ ಒಂದು ಸಾಲಿಗೆ ಸಹಿ ಹಾಕಿದರೆ, ನೀವೇ ಬೇರೆ ಒಪ್ಪಂದಕ್ಕೆ ಒಪ್ಪಿದಿರಿ ಎಂದು ಅವರು ವಾದಿಸಲು ದಾರಿಯಾಗುತ್ತದೆ.

ಹಾಗೆಂದು ಆ ಸಾಲನ್ನು ಬರೆದವರಿಗೆ ಕೆಟ್ಟ ಉದ್ದೇಶವೇ ಇರಬೇಕಾಗಿಲ್ಲ. ಒಂದು ವಿಡಿಯೊದೊಳಗೆ ಹಲವರ ಹಕ್ಕುಗಳು ಕೂಡಿಕೊಂಡಿರುತ್ತವೆ. ಮಾಡೆಲ್ ಆಗಿ ಬಂದವರು ತಮ್ಮ ಮುಖವನ್ನು ಒಂದು ವರ್ಷ ಆನ್‌ಲೈನ್ ಜಾಹೀರಾತಿನಲ್ಲಿ ತೋರಿಸಲು ಮಾತ್ರ ಒಪ್ಪಿರಬಹುದು; ಟಿವಿಗೋ ಹೆದ್ದಾರಿಯ ಫಲಕಕ್ಕೋ ಬೇರೆ ದರ ಕೇಳಬಹುದು. ಧ್ವನಿ ಕೊಡುವ ಕಲಾವಿದರದೂ ಹೀಗೆಯೇ. ಸಂಗೀತದ ಪರವಾನಗಿಗೂ ಅವಧಿ ಇರಬಹುದು. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಇದು: ಈ ಒಂದು ವರ್ಷದ ಮಿತಿ ಇಡೀ ವಿಡಿಯೊಗೋ, ಅದರಲ್ಲಿರುವ ಕಲಾವಿದರಿಗೂ ಸಂಗೀತಕ್ಕೂ ಮಾತ್ರವೋ? ನಿಮ್ಮ ವಿಡಿಯೊದಲ್ಲಿ ಕಾಣಿಸುವವರು ನಿಮ್ಮ ಮನೆಯವರು ಮತ್ತು ಗಾಣದ ಕೆಲಸಗಾರರೇ ಆಗಿದ್ದರೆ ಮುಖದ ಮಟ್ಟಿಗೆ ಯಾವ ಮಿತಿಯೂ ಬೇಕಾಗಿಲ್ಲ. ಕೆಲಸಗಾರರಿಂದ ನೀವೇ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಕು. ಆಗ, ಚಿತ್ರೀಕರಿಸಿದ ದೃಶ್ಯಗಳ ಮತ್ತು ಸಿದ್ಧ ವಿಡಿಯೊದ ಹಕ್ಕು ಪೂರ್ಣ ಹಣ ಪಾವತಿಯಾದ ದಿನದಿಂದ ಕ್ಲೈಂಟ್‌ನದು, ಬಳಕೆಯ ಅವಧಿಗೆ ಮಿತಿಯಿಲ್ಲ, ಪ್ರದೇಶ ಇಡೀ ಜಗತ್ತು ಎಂದು ಬರೆಸಿಕೊಳ್ಳಿ. ಪ್ರದೇಶದ ಮಾತನ್ನು ಬಿಡಬೇಡಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದೇ ಕಾಯ್ದೆಯ 19ನೆಯ ಸೆಕ್ಷನ್ ಭಾವಿಸುತ್ತದೆ. ಪರವಾನಗಿಗಳಿಗೂ ಅದು ಹೊಂದುವ ಮಟ್ಟಿಗೆ ಅನ್ವಯಿಸುತ್ತದೆ. ಅಮೆರಿಕದ ನೆಂಟರು ಅಲ್ಲಿ ಈ ವಿಡಿಯೊವನ್ನು ಹಾಕಿಕೊಳ್ಳುವವರಿದ್ದರೆ ಈ ಒಂದು ಪದ ಬರೆಯದೇ ಹೋದದ್ದು ಮುಂದೆ ತೊಡಕಾಗಬಹುದು.

30 ಸೆಕೆಂಡಿಗಿಂತ ಕಡಿಮೆ ಬಳಸಿದರೆ ಸಿನಿಮಾ ಹಾಡು ಹಾಕಬಹುದು ಎಂಬುದು ಶುದ್ಧ ಸುಳ್ಳು, ಆದರೆ ಬಹಳ ಗಟ್ಟಿಯಾಗಿ ಬೇರೂರಿದ ಸುಳ್ಳು. ನಮ್ಮ ಕಾಯ್ದೆಯಲ್ಲಿ ಸೆಕೆಂಡುಗಳ ಲೆಕ್ಕದ ವಿನಾಯಿತಿ ಎಲ್ಲಿಯೂ ಇಲ್ಲ. ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ವರದಿಯಂಥ ಕೆಲವು ಸಂದರ್ಭಗಳಿಗೆ ನ್ಯಾಯಯುತ ಬಳಕೆಯ ರಿಯಾಯಿತಿ ಇದೆ. ಎಣ್ಣೆ ಮಾರುವ ಜಾಹೀರಾತು ಅವುಗಳಲ್ಲಿ ಯಾವುದರೊಳಗೂ ಬರುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರೂ ಹಾಡು ಹಾಕುತ್ತಾರಲ್ಲ ಎಂದು ನೀವು ಕೇಳಬಹುದು. ವೈಯಕ್ತಿಕ ಖಾತೆಗೆ ಸಿಗುವ ಜನಪ್ರಿಯ ಹಾಡುಗಳ ಸಂಗ್ರಹವು ವ್ಯಾಪಾರದ ಖಾತೆಗೆ ಪೂರ್ತಿಯಾಗಿ ತೆರೆದುಕೊಳ್ಳದಿರುವುದು ಇದೇ ಕಾರಣಕ್ಕೆ. ಯೂಟ್ಯೂಬ್‌ನಲ್ಲಂತೂ ಹಾಡಿನ ಗುರುತನ್ನು ಯಂತ್ರವೇ ಹಿಡಿಯುತ್ತದೆ. ಹಕ್ಕುದಾರ ಕಂಪನಿ ಬಯಸಿದರೆ ನಿಮ್ಮ ವಿಡಿಯೊವನ್ನು ತಡೆಹಿಡಿಯಬಹುದು, ಅದರ ಮೇಲಿನ ಜಾಹೀರಾತು ಆದಾಯವನ್ನು ತಾನೇ ಪಡೆಯಬಹುದು. ಲೀಗಲ್ ನೋಟಿಸ್ ಬಂದರೆ ಅದು ಮದುವೆ ವಿಡಿಯೊದವರ ವಿಳಾಸಕ್ಕಲ್ಲ, ಬಾಟಲಿಯ ಮೇಲೆ ಅಚ್ಚಾಗಿರುವ ನಿಮ್ಮ ವಿಳಾಸಕ್ಕೆ ಬರುತ್ತದೆ. ಕೊಟೇಶನ್ನಿನಲ್ಲಿ ‘ರಾಯಲ್ಟಿ ಫ್ರೀ ಮ್ಯೂಸಿಕ್’ ಎಂದಿದ್ದರೆ ಅದು ಬಿಟ್ಟಿ ಸಂಗೀತವಲ್ಲ; ಒಮ್ಮೆ ಪರವಾನಗಿ ಶುಲ್ಕ ಕಟ್ಟಿದರೆ ಪ್ರತಿ ಪ್ರಸಾರಕ್ಕೂ ಮತ್ತೆ ಕಟ್ಟಬೇಕಾಗಿಲ್ಲ ಎಂದಷ್ಟೇ ಅರ್ಥ. ಆ ಪರವಾನಗಿ ಹಣ ಕೊಟ್ಟು ನಡೆಸುವ ಜಾಹೀರಾತಿಗೂ ಅನ್ವಯಿಸುತ್ತದೆಯೇ, ಯಾರ ಹೆಸರಿನಲ್ಲಿದೆ ಎಂದು ಕೇಳಿ.

ಈಗ ರಾ ಫುಟೇಜ್. ಇದು ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವ ಪದ. ಕ್ಯಾಮೆರಾದಿಂದ ಇಳಿಸಿದ, ಕತ್ತರಿಸದ, ಬಣ್ಣ ತಿದ್ದದ ಮೂಲ ಕಡತಗಳಿವು. ನಮ್ಮ ಗಾಣದಲ್ಲಿ ತೆಗೆದದ್ದು, ನಮಗೇ ಕೊಡಬೇಕಲ್ಲವೇ ಎಂಬುದು ಕ್ಲೈಂಟ್ ಮಾತು. ಹಕ್ಕು ನಿಮ್ಮದಾಗಿರುವುದು ಬೇರೆ, ಎಲ್ಲ ಕಡತಗಳನ್ನೂ ನಿಮ್ಮ ಕೈಗೆ ಒಪ್ಪಿಸುವ ಕರಾರು ಬೇರೆ. ಎರಡನೆಯದು ಕೊಟೇಶನ್ನಿನಲ್ಲಿ ಬರೆದಿದ್ದರೆ ಮಾತ್ರ ಉಂಟು. ಸಂಸ್ಥೆಗಳು ಕೊಡಲು ಹಿಂಜರಿಯುವುದಕ್ಕೆ ಕಾರಣಗಳಿವೆ. 4ಕೆಯಲ್ಲಿ, ಅಂದರೆ ಹೆಚ್ಚು ಪಿಕ್ಸೆಲ್‌ಗಳ ದೊಡ್ಡ ಚಿತ್ರವಾಗಿ, ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಗೆ 45 ಜಿಬಿ ತುಂಬುತ್ತದೆ. ಎರಡು ಕ್ಯಾಮೆರಾ, ಇಡೀ ದಿನ ಎಂದರೆ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿ. ಮೇಲಾಗಿ ವೃತ್ತಿಪರರು ‘ಲಾಗ್’ ಎಂಬ ವಿಧಾನದಲ್ಲಿ ಚಿತ್ರೀಕರಿಸಿದರೆ ಮೂಲ ಚಿತ್ರ ಬೂದಿ ಬಳಿದಂತೆ ಮಂಕಾಗಿರುತ್ತದೆ, ಧ್ವನಿ ಬೇರೆ ಕಡತದಲ್ಲಿರುತ್ತದೆ. ಅದನ್ನು ಯಾರೋ ಮೊಬೈಲಿನಲ್ಲಿ ಕತ್ತರಿಸಿ ಹಾಕಿದರೆ ಕೆಟ್ಟ ಹೆಸರು ತಮಗೆ ಬರುತ್ತದೆ ಎಂಬ ಭಯ ಅವರಿಗೆ.

ನನ್ನ ಅನುಭವದಲ್ಲಿ ರಾ ಫುಟೇಜಿಗಾಗಿ ಜಗಳವಾಡಿ ಹಾರ್ಡ್ ಡಿಸ್ಕ್ ಪಡೆದ ಸಣ್ಣ ಉದ್ದಿಮೆದಾರರಲ್ಲಿ ಹೆಚ್ಚಿನವರು ಅದನ್ನು ಮತ್ತೆ ತೆರೆದೂ ನೋಡುವುದಿಲ್ಲ. ನಿಮಗೆ ನಿಜವಾಗಿ ಬೇಕಾದದ್ದು ಬೇರೆ ಎರಡು ವಸ್ತುಗಳು, ಅವನ್ನು ಕೇಳಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಒಂದು, ‘ಟೆಕ್ಸ್ಟ್‌ಲೆಸ್ ಮಾಸ್ಟರ್’, ಅಂದರೆ ಪರದೆಯ ಮೇಲಿನ ಬರಹ, ಬೆಲೆ, ಫೋನ್ ನಂಬರ್ ಯಾವುದೂ ಇಲ್ಲದ ಪೂರ್ಣ ಗುಣಮಟ್ಟದ ವಿಡಿಯೊ. ಇನ್ನೊಂದು, ಮಾತು, ಸಂಗೀತ ಮತ್ತು ಇತರ ಶಬ್ದಗಳ ಪ್ರತ್ಯೇಕ ಟ್ರ್ಯಾಕ್‌ಗಳು, ‘ಸ್ಟೆಮ್ಸ್’ ಎನ್ನುತ್ತಾರೆ. ಮುಂದಿನ ವರ್ಷ ಬೆಲೆ ಬದಲಾದರೂ, ಲೀಟರ್ ಬಾಟಲಿಯ ಜಾಗದಲ್ಲಿ ಅರ್ಧ ಲೀಟರಿನ ಮಾತು ಬಂದರೂ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಧ್ವನಿ ಹಾಕಿಸಬೇಕಾದರೂ ಇವೆರಡು ಕೈಯಲ್ಲಿದ್ದರೆ ಯಾವ ಎಡಿಟರ್ ಬಳಿಯಾದರೂ ಅಲ್ಪ ಖರ್ಚಿನಲ್ಲಿ ಮಾಡಿಸಬಹುದು. ಇದರ ಜೊತೆಗೆ, ಮೂಲ ಕಡತಗಳನ್ನು ಸಂಸ್ಥೆ ಎಷ್ಟು ತಿಂಗಳು ಕಾಪಾಡಿಡುತ್ತದೆ ಎಂಬುದನ್ನೂ ಬರೆಸಿ. ಹಾರ್ಡ್ ಡಿಸ್ಕ್ ನಾವೇ ತಂದುಕೊಡುತ್ತೇವೆ, ಹಸ್ತಾಂತರದ ಶುಲ್ಕ ಎಷ್ಟೆಂದು ಈಗಲೇ ಹೇಳಿ ಎಂದರೆ ಒಪ್ಪುವ ಸಂಸ್ಥೆಗಳೂ ಬಹಳ ಇವೆ. ಕೆಲಸ ಮುಗಿದ ಮೇಲೆ ಕೇಳಿದರೆ ಹೇಳುವ ದರವೇ ಬೇರೆಯಾಗಿರುತ್ತದೆ.

ರಿವಿಷನ್ ಮತ್ತು ಪಿಕ್ಚರ್ ಲಾಕ್ ಎಂಬ ಎರಡು ಪದಗಳನ್ನು ಒಟ್ಟಿಗೆ ತಿಳಿಯಬೇಕು. ಚಿತ್ರೀಕರಣವಾದ ಮೇಲೆ ಮೊದಲು ನಿಮ್ಮ ಕೈಗೆ ಬರುವುದು ‘ರಫ್ ಕಟ್’. ಅದನ್ನು ನೋಡಿ ಎದೆ ಧಸಕ್ಕೆನ್ನುವುದು ಸಾಮಾನ್ಯ: ಎಣ್ಣೆಯ ಹೊಂಬಣ್ಣ ಎಲ್ಲೂ ಕಾಣುವುದಿಲ್ಲ, ಧ್ವನಿ ಯಾರದೋ ಆಫೀಸಿನ ಹುಡುಗನದು, ಸಂಗೀತದ ನಡುನಡುವೆ ಅದನ್ನು ಮಾರುವ ಕಂಪನಿಯ ಹೆಸರು ಕೇಳಿಸುತ್ತಿರುತ್ತದೆ. ಇವೆಲ್ಲ ತಾತ್ಕಾಲಿಕ. ಈ ಹಂತದಲ್ಲಿ ನೀವು ನೋಡಬೇಕಾದದ್ದು ಕಥೆಯ ಜಾಡು ಸರಿಯಿದೆಯೇ, ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ, ಕೊಬ್ಬರಿ, ಗಾಣ, ಬಾಟಲಿ ಈ ಕ್ರಮ ಅರ್ಥವಾಗುತ್ತದೆಯೇ, ಯಾವ ದೃಶ್ಯ ಎಳೆದಂತಾಗಿದೆ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ಮಾತ್ರ. ಬಣ್ಣದ ಬಗ್ಗೆ ಇಲ್ಲಿ ಬರೆದ ಟಿಪ್ಪಣಿ ವ್ಯರ್ಥ. ಅದರಲ್ಲೂ ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಬಂದದ್ದು ಕುಗ್ಗಿ, ಮಸುಕಾಗಿ ಬಂದಿರುತ್ತದೆ. ಅದನ್ನು ನೋಡಿ ಗುಣಮಟ್ಟ ತೀರ್ಮಾನಿಸಬೇಡಿ, ಡೌನ್‌ಲೋಡ್ ಲಿಂಕ್ ಕೇಳಿ.

ತಿದ್ದುಪಡಿಗಳು ಮುಗಿದು, ಯಾವ ಶಾಟ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅಂತಿಮವಾಗಿ ನಿಂತದ್ದನ್ನು ಪಿಕ್ಚರ್ ಲಾಕ್ ಎನ್ನುತ್ತಾರೆ. ಆಮೇಲಷ್ಟೇ ಬಣ್ಣ ತಿದ್ದುವ ಡಿಐ, ನಿಜವಾದ ಧ್ವನಿಯ ರೆಕಾರ್ಡಿಂಗ್, ಸಂಗೀತ, ಶಬ್ದಗಳ ಮಿಕ್ಸಿಂಗ್, ಪರದೆಯ ಬರಹ, ಚಿಕ್ಕ ಆವೃತ್ತಿಗಳು. ಲಾಕ್ ಆದ ಮೇಲೆ ಎರಡೇ ಸೆಕೆಂಡ್ ತೆಗೆಯಿರಿ ಎಂದರೆ ಅದು ಮೌಸಿನ ಒಂದು ಕ್ಲಿಕ್ ಎಂಬುದು ಕ್ಲೈಂಟ್‌ಗಳ ನಡುವಿನ ದೊಡ್ಡ ತಪ್ಪು ತಿಳಿವಳಿಕೆ. 20ನೆಯ ಸೆಕೆಂಡಿನಲ್ಲಿ ಎರಡು ಸೆಕೆಂಡ್ ತೆಗೆದರೆ ಅಲ್ಲಿಂದ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ. ಗಾಣದ ಒನಕೆ ತಿರುಗುವ ಲಯಕ್ಕೆ ಕೂಡಿಸಿದ್ದ ತಾಳ ತಪ್ಪುತ್ತದೆ, ಸಬ್‌ಟೈಟಲ್‌ಗಳ ಸಮಯ ತಪ್ಪುತ್ತದೆ, ಮಿಕ್ಸಿಂಗ್ ಮತ್ತೊಮ್ಮೆ ಆಗಬೇಕು, ಆ ದೃಶ್ಯ 15 ಸೆಕೆಂಡಿನ ತುಣುಕಿನಲ್ಲಿಯೂ ಇದ್ದರೆ ಅದನ್ನೂ ಹೊಸದಾಗಿ ಮಾಡಬೇಕು. ಕಟ್ಟಡಕ್ಕೆ ಮೋಲ್ಡ್ ಹಾಕಿದ ಮೇಲೆ ಕಂಬದ ಜಾಗ ಬದಲಿಸಿದಂತೆ ಇದು. ಹಾಗಾಗಿ ಲಾಕ್ ನಂತರದ ಬದಲಾವಣೆಗೆ ಪ್ರತ್ಯೇಕ ಶುಲ್ಕ ಕೇಳುವುದು ನ್ಯಾಯವೇ. ನೀವು ಆಕ್ಷೇಪಿಸಬೇಕಾದದ್ದು ಶುಲ್ಕದ ಮೊತ್ತವನ್ನು ಬರೆಯದೇ ಇರುವುದನ್ನು. ಗಂಟೆಗೆ ಎಷ್ಟು, ಅಥವಾ ಒಂದು ಬದಲಾವಣೆಗೆ ಎಷ್ಟು ಎಂದು ಈಗಲೇ ಅಂಕಿಯಲ್ಲಿ ಬರಲಿ.

‘ಎರಡು ರಿವಿಷನ್’ ಎಂದರೆ ಎರಡು ತಿದ್ದುಪಡಿಯಲ್ಲ, ಎರಡು ಸುತ್ತು. ಒಂದು ಸುತ್ತಿನಲ್ಲಿ ನೀವು ಇಪ್ಪತ್ತು ಅಂಶಗಳನ್ನು ಹೇಳಬಹುದು, ಆದರೆ ಒಂದೇ ಪಟ್ಟಿಯಾಗಿ ಹೇಳಬೇಕು. ಕುಟುಂಬದ ಉದ್ದಿಮೆಗಳಲ್ಲಿ ಇದು ಕೆಡುವುದು ಹೇಗೆಂಬುದು ನನಗೆ ಚೆನ್ನಾಗಿ ಗೊತ್ತು: ರಫ್ ಕಟ್ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ, ಬೆಳಿಗ್ಗೆ ಯಜಮಾನರ ಸಂದೇಶ, ಮಧ್ಯಾಹ್ನ ಸೊಸೆಯ ವಾಯ್ಸ್ ನೋಟ್, ರಾತ್ರಿ ಅಮೆರಿಕದಿಂದ ಭಾವನವರ ಸಲಹೆ, ಅದರಲ್ಲಿ ಒಂದು ಇನ್ನೊಂದಕ್ಕೆ ವಿರುದ್ಧ. ಸಂಸ್ಥೆಯವರು ಇದನ್ನು ಮೂರು ಸುತ್ತೆಂದು ಲೆಕ್ಕ ಹಾಕಿದರೆ ತಪ್ಪೆನ್ನಲಾಗದು. ಮನೆಯಲ್ಲಿ ಒಬ್ಬರನ್ನು ನೇಮಿಸಿ, ಎಲ್ಲರ ಮಾತನ್ನೂ ಅವರೇ ಕೂಡಿಸಿ, ‘0:23ರಲ್ಲಿ ಬಾಟಲಿಯ ಲೇಬಲ್ ಕಾಣುತ್ತಿಲ್ಲ, ಬೇರೆ ಶಾಟ್ ಹಾಕಿ’ ಎಂಬ ರೀತಿಯಲ್ಲಿ ನಿಮಿಷ, ಸೆಕೆಂಡ್ ಸಮೇತ ಬರೆದು ಕಳಿಸಲಿ. ‘ಸ್ವಲ್ಪ ಪಂಚ್ ಬೇಕು’ ಎಂದು ಬರೆದರೆ ಎಡಿಟರ್‌ಗೆ ಏನೂ ತಿಳಿಯುವುದಿಲ್ಲ, ನಿಮ್ಮ ಒಂದು ಸುತ್ತು ಮಾತ್ರ ಕಳೆದಿರುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಬರೆಸಿ: ಸಂಸ್ಥೆಯ ಕಡೆಯ ತಪ್ಪನ್ನು, ಅಂದರೆ ಕಾಗುಣಿತದ ದೋಷವನ್ನೋ ಒಪ್ಪಿದ ಸ್ಕ್ರಿಪ್ಟಿಗಿಂತ ಬೇರೆಯಾದದ್ದನ್ನೋ ಸರಿಪಡಿಸುವುದು ರಿವಿಷನ್ ಲೆಕ್ಕಕ್ಕೆ ಸೇರಬಾರದು. ಕನ್ನಡದ ಬರಹದಲ್ಲಿ ಒತ್ತಕ್ಷರಗಳು ಒಡೆದು ಬರುವುದು ಎಡಿಟಿಂಗ್ ತಂತ್ರಾಂಶಗಳಲ್ಲಿ ಇಂದಿಗೂ ಇರುವ ಕಾಟ. ಅದಕ್ಕಾಗಿ ನಿಮ್ಮ ಒಂದು ಸುತ್ತು ಹೋಗಬಾರದು. ಹಾಗೆಯೇ ಸಣ್ಣ ಅಕ್ಷರಗಳಲ್ಲಿ ‘ಮೂರು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಒಂದು ವಾರವೆಂದು ತಿದ್ದಿಸಿ. ಮನೆಯಲ್ಲಿ ಹಬ್ಬವೋ ಮದುವೆಯೋ ಬಂದರೆ ಮೂರು ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಡೆಲಿವರೆಬಲ್ಸ್, ಅಂದರೆ ಕೊನೆಗೆ ನಿಮ್ಮ ಕೈಗೆ ಬರುವ ಕಡತಗಳ ಪಟ್ಟಿ, ನಿಮ್ಮ ಕೊಟೇಶನ್ನಿನಲ್ಲಿ ಬರೀ ಸೆಕೆಂಡುಗಳಲ್ಲಿದೆ. ಆಕಾರದ ಮಾತೇ ಇಲ್ಲ. 60 ಸೆಕೆಂಡಿನದು ಅಡ್ಡಲಾಗಿ 16:9, ರೀಲ್ಸ್ ಮತ್ತು ಶಾರ್ಟ್ಸ್‌ಗೆ ಬೇಕಾದದ್ದು ಉದ್ದಕ್ಕೆ 9:16. ಅಡ್ಡ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಉದ್ದದ್ದನ್ನು ಮಾಡಿದರೆ ಮೂಲ ಚಿತ್ರದ ಸುಮಾರು ಮೂರನೆಯ ಒಂದು ಭಾಗವಷ್ಟೇ ಉಳಿಯುತ್ತದೆ. ಎಡಗಡೆ ಗಾಣ, ಬಲಗಡೆ ನಿಮ್ಮ ತಂದೆಯವರು ನಿಂತ ಸುಂದರ ಚೌಕಟ್ಟಿನಲ್ಲಿ ಆಗ ಗಾಣವಿರುತ್ತದೆ ಅಥವಾ ತಂದೆಯವರಿರುತ್ತಾರೆ. 4ಕೆ ಎಂಬ ಪದದ ನಿಜವಾದ ಉಪಯೋಗ ಇಲ್ಲಿದೆ: 3840×2160ರ ಚಿತ್ರದಿಂದ ಉದ್ದದ ಭಾಗವನ್ನು ಕತ್ತರಿಸಿದರೂ 1080 ಅಗಲದ ರೀಲ್‌ಗೆ ಸಾಕಾಗುವಷ್ಟು ಪಿಕ್ಸೆಲ್ ಉಳಿಯುತ್ತವೆ, 1920×1080ರಲ್ಲಿ ಉಳಿಯುವುದಿಲ್ಲ. 4ಕೆ ಎಂದ ಮಾತ್ರಕ್ಕೆ ಚಿತ್ರ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ. ಬೆಳಕು ಕೆಟ್ಟಿದ್ದರೆ ಕೆಟ್ಟ ಬೆಳಕೇ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಉದ್ದ ವಿಡಿಯೊದಿಂದ ಕತ್ತರಿಸಿ ಮಾಡಿದ ಚಿಕ್ಕದಕ್ಕೆ ‘ಕಟ್‌ಡೌನ್’ ಎಂದು ಹೆಸರು. ನಿಮ್ಮ ಮೂರು 15 ಸೆಕೆಂಡಿನವು ಬರೀ ಕಟ್‌ಡೌನ್‌ಗಳೋ, ಪ್ರತ್ಯೇಕವಾಗಿ ಯೋಚಿಸಿ ಉದ್ದಕ್ಕೇ ಚಿತ್ರೀಕರಿಸುವಂಥವೋ ಎಂದು ಕೇಳಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ವ್ಯಾಪಾರಕ್ಕೆ ಆ ಮೂರೇ ಹೆಚ್ಚು ಕೆಲಸಕ್ಕೆ ಬರುವಂಥವು.

ಚಿತ್ರೀಕರಣದ ದಿನದ ಪದಗಳು ಹೆಚ್ಚು ತೊಡಕಿನವಲ್ಲ. ಮುಂಚಿತವಾಗಿ ಬಂದು ಜಾಗ ನೋಡುವುದು ‘ರೆಕ್ಕಿ’. ಇದನ್ನು ಕೈಬಿಟ್ಟು ಖರ್ಚು ಉಳಿಸುವ ಆಮಿಷಕ್ಕೆ ಒಳಗಾಗಬೇಡಿ. ನಿಮ್ಮ ಗಾಣದ ಮನೆಯಲ್ಲಿ ಹಳೆಯ ಟ್ಯೂಬ್‌ಲೈಟ್ ಇದ್ದರೆ, ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅದು ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತದೆ; ಕ್ಯಾಮೆರಾದ ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ರೆಕ್ಕಿಗೆ ಬಂದವರು ಇದನ್ನು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಬಾಟಲಿಯನ್ನೇ ಹತ್ತಿರದಿಂದ ತೋರಿಸುವ ‘ಪ್ಯಾಕ್ ಶಾಟ್’ ಅನ್ನು ಬೆಂಗಳೂರಿನ ಎಸಿ ಸ್ಟುಡಿಯೊದಲ್ಲಿ ತೆಗೆಯುವುದಾದರೆ ಇನ್ನೊಂದು ಸಂಗತಿಯನ್ನು ನೀವೇ ಅವರಿಗೆ ನೆನಪಿಸಬೇಕು: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಬೆಳಗಿನಿಂದ ತಣ್ಣನೆಯ ಕೋಣೆಯಲ್ಲಿಟ್ಟ ಬಾಟಲಿಯ ತಳದಲ್ಲಿ ಬಿಳಿ ಮೋಡ ಕಟ್ಟಿದ ಮೇಲೆ, ಮರುಚಿತ್ರೀಕರಣದ ಖರ್ಚು ಯಾರದೆಂದು ವಾದಿಸುವುದಕ್ಕಿಂತ ಬಿಸಿನೀರಿನ ಪಾತ್ರೆಯೊಂದನ್ನು ಸಿದ್ಧವಾಗಿಡುವುದು ಸುಲಭ. ‘ಕಾಲ್‌ಶೀಟ್’, ಅಂದರೆ ತಂಡದ ಒಂದು ದಿನದ ಕೆಲಸದ ಅವಧಿ, ಎಷ್ಟು ಗಂಟೆಯದು, ಅದು ಮೀರಿದರೆ ಓವರ್‌ಟೈಮ್ ಎಷ್ಟು, ತಂಡದ ಊಟ, ಬಾಟಾ, ಬೆಂಗಳೂರು–ತಿಪಟೂರು ಪ್ರಯಾಣ ಇದೇ ಮೊತ್ತದಲ್ಲಿ ಸೇರಿದೆಯೇ ಎಂಬುದು ಸ್ಪಷ್ಟವಾಗಲಿ. ತೋಟದ ಮೇಲಿಂದ ಡ್ರೋನ್ ಶಾಟ್ ಬೇಕಿದ್ದರೆ, 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನಿನ ನೋಂದಣಿ, ಹಾರಿಸುವವರ ಪ್ರಮಾಣಪತ್ರ, ಆ ಜಾಗ ಯಾವ ವಲಯದಲ್ಲಿದೆ ಎಂಬ ಪರಿಶೀಲನೆ ಇವು ಸಂಸ್ಥೆಯ ಹೊಣೆ ಎಂದು ಒಂದು ಸಾಲು ಸಾಕು.

ಕಿಲ್ ಫೀ ಎಂದರೆ ನೀವು ನಡುವೆ ಕೆಲಸ ನಿಲ್ಲಿಸಿದರೆ ಕೊಡಬೇಕಾದ ಹಣ. ಅದು ಇರಬಾರದೆಂದು ನಾನು ಹೇಳಲಾರೆ. ಕ್ಯಾಮೆರಾ, ಲೈಟಿನವರು, ವಾಹನ ಎಲ್ಲ ದಿನದ ಲೆಕ್ಕದಲ್ಲಿ ಬುಕ್ ಆಗಿರುತ್ತವೆ, ಹಿಂದಿನ ರಾತ್ರಿ ಬೇಡವೆಂದರೂ ಅವರಿಗೆ ಹಣ ಕೊಡಲೇಬೇಕು. ಆದರೆ ಯಾವ ಹಂತದಲ್ಲಿ ನಿಲ್ಲಿಸಿದರೂ ಶೇ 50 ಎಂಬುದು ಒರಟು ಲೆಕ್ಕ. ಸ್ಕ್ರಿಪ್ಟ್ ಹಂತದಲ್ಲೇ ಕೈಬಿಟ್ಟರೆ ಇಷ್ಟು, ಚಿತ್ರೀಕರಣಕ್ಕೆ ಎರಡು ದಿನ ಇರುವಾಗ ಇಷ್ಟು, ಚಿತ್ರೀಕರಣದ ನಂತರ ಇಷ್ಟು ಎಂದು ಹಂತ ಹಂತವಾಗಿ ಬರೆಯಲು ಕೇಳಿ. ರದ್ದತಿ ಬೇರೆ, ಮುಂದೂಡಿಕೆ ಬೇರೆ ಎಂಬುದೂ ಅಲ್ಲಿರಲಿ. ಮಳೆಗೆ ಒಂದು ದಿನ ಹಾಳಾದರೆ ಕಿಲ್ ಫೀ ಅನ್ವಯಿಸಬಾರದು, ಆ ದಿನದ ನಿಜವಾದ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದು ನ್ಯಾಯ. ಪಾವತಿಯನ್ನೂ ಇದೇ ರೀತಿ ಹಂತಗಳಿಗೆ ಕಟ್ಟಿಹಾಕಿ. ಒಂದಿಷ್ಟು ಮುಂಗಡ, ಒಂದಿಷ್ಟು ಚಿತ್ರೀಕರಣ ಮುಗಿದ ಮೇಲೆ, ಉಳಿದದ್ದು ಅಂತಿಮ ಕಡತ ಕೈಸೇರುವಾಗ. ಜಿಎಸ್‌ಟಿ ಶೇ 18 ಸೇರಿದರೆ ನಿಮ್ಮ 1,80,000 ರೂಪಾಯಿ 2,12,400 ಆಗುತ್ತದೆ ಎಂಬುದನ್ನೂ ಈಗಲೇ ಬಜೆಟ್ಟಿಗೆ ಸೇರಿಸಿಕೊಳ್ಳಿ. ನಿಮ್ಮದೂ ನೋಂದಣಿ ಇದ್ದರೆ ಇನ್‌ಪುಟ್ ಕ್ರೆಡಿಟ್, ಅಂದರೆ ಹೀಗೆ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಬಗ್ಗೆ ನಿಮ್ಮ ಆಡಿಟರನ್ನು ಕೇಳಿ.

ಕ್ಲೇಮ್ ಎಂದರೆ ಸರಕಿನ ಗುಣದ ಬಗ್ಗೆ ಜಾಹೀರಾತಿನಲ್ಲಿ ಹೇಳುವ ಮಾತು. ‘ಕ್ಲೇಮ್‌ಗಳಿಗೆ ಕ್ಲೈಂಟ್ ಹೊಣೆ’ ಎಂಬ ಷರತ್ತು ನಿಮಗೆ ಅನ್ಯಾಯವೆನಿಸಬಹುದು. ಆದರೆ ಇಡೀ ಕೊಟೇಶನ್ನಿನಲ್ಲಿ ನಾನು ಯಾವ ತಿದ್ದುಪಡಿಯನ್ನೂ ಸೂಚಿಸದ ಸಾಲು ಅದೊಂದೇ. ಎಣ್ಣೆಯ ಗುಣದ ಬಗ್ಗೆ ಗೊತ್ತಿರುವವರು ನೀವು, ಅವರಲ್ಲ. ತಿದ್ದಬೇಕಾದದ್ದು ನಿಮ್ಮ ಸ್ಕ್ರಿಪ್ಟ್. ಒಂದು ಆಹಾರ ಪದಾರ್ಥವು ಕಾಯಿಲೆಯನ್ನು ತಡೆಯುತ್ತದೆ, ಶಮನ ಮಾಡುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಜಾಹೀರಾತಿನಲ್ಲಿ ಹೇಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಕ್ಲೇಮ್ ನಿಯಮಾವಳಿ ನಿಷೇಧಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೆಯ ಸೆಕ್ಷನ್ ಅಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿಯೂ ಕ್ರಮ ಕೈಗೊಳ್ಳಬಹುದು. ಸಕ್ಕರೆ ಕಾಯಿಲೆಯ ಮಾತನ್ನು ಪೂರ್ತಿಯಾಗಿ ತೆಗೆಯಿರಿ. ಹೃದಯದ ಮಾತೂ ಬೇಡ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಪದಗಳಿಗೂ ಆ ನಿಯಮಾವಳಿಯಲ್ಲಿ ಷರತ್ತುಗಳಿರುವುದರಿಂದ, ಲೇಬಲ್ ಮಾಡಿಕೊಟ್ಟವರ ಬಳಿ ಒಮ್ಮೆ ವಿಚಾರಿಸಿ. ಯಾವ ಊರಿನ ಕೊಬ್ಬರಿ, ಎಂಥ ಗಾಣ, ಹೇಗೆ ತೆಗೆಯುತ್ತೀರಿ ಎಂಬುದನ್ನು ಕಣ್ಣಾರೆ ತೋರಿಸುವುದಕ್ಕೆ ಯಾರ ತಕರಾರೂ ಇಲ್ಲ, ಅಡುಗೆಗೆ ಎಣ್ಣೆ ಕೊಳ್ಳುವವರು ನೋಡಬಯಸುವುದೂ ಅದನ್ನೇ.

ಇನ್ನು 35,000ದವರೋ 1,80,000ದವರೋ ಎಂಬ ಪ್ರಶ್ನೆ. ಮದುವೆ ವಿಡಿಯೊ ಮಾಡುವವರಲ್ಲಿ ಅತ್ಯುತ್ತಮ ಕ್ಯಾಮೆರಾಮನ್‌ಗಳಿದ್ದಾರೆ. ಮರುಚಿತ್ರೀಕರಣವೇ ಸಾಧ್ಯವಿಲ್ಲದ ಕೆಲಸದಲ್ಲಿ ಪಳಗಿದವರ ಕೈಚಳಕವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಈ ಎರಡು ಮೊತ್ತಗಳು ಒಂದೇ ಸರಕಿನವಲ್ಲ, ಹೋಲಿಸಿದರೆ ಅರ್ಥವಿಲ್ಲ. ಒಂದು ಪುಟದ ‘ಬ್ರೀಫ್’ ಬರೆಯಿರಿ: ಯಾರಿಗೆ ಮಾರುತ್ತಿದ್ದೇವೆ, ಎಲ್ಲಿ ತೋರಿಸುತ್ತೇವೆ, ಯಾವ ಆಕಾರದ ಎಷ್ಟು ವಿಡಿಯೊ, ಯಾವ ಭಾಷೆಗಳು, ಯಾವ ದೃಶ್ಯಗಳು ಇರಲೇಬೇಕು. ಅದನ್ನೇ ಇಬ್ಬರಿಗೂ ಕೊಟ್ಟು ಹೊಸ ಕೊಟೇಶನ್ ಕೇಳಿ. ಊರಿನವರು ಸ್ಕ್ರಿಪ್ಟ್, ಪರವಾನಗಿ ಪಡೆದ ಸಂಗೀತ, ಧ್ವನಿ ಕಲಾವಿದರು, ಟೆಕ್ಸ್ಟ್‌ಲೆಸ್ ಪ್ರತಿ ಎಲ್ಲವನ್ನೂ ಸೇರಿಸಿ ಬರೆದಾಗ ಅಂಕಿ 35,000ದಲ್ಲಿ ನಿಲ್ಲಲಿಕ್ಕಿಲ್ಲ. ಬೆಂಗಳೂರಿನವರು ಡ್ರೋನ್, ಸ್ಟುಡಿಯೊ, ಎರಡನೆಯ ಕ್ಯಾಮೆರಾ ಬಿಟ್ಟರೆ 1,80,000ಕ್ಕಿಂತ ಗಣನೀಯವಾಗಿ ಇಳಿಯಬಹುದು. ಊರಿನವರನ್ನು ಆರಿಸಿಕೊಂಡರೆ ಇರುವ ಅಪಾಯವೆಂದರೆ ಹಾಡಿನ ಹಕ್ಕು ಮತ್ತು ಬರವಣಿಗೆ. ಬೆಂಗಳೂರಿನವರನ್ನು ಆರಿಸಿಕೊಂಡರೆ, ಪ್ರತಿ ಸಣ್ಣ ಬದಲಾವಣೆಗೂ ಬಿಲ್ಲು. ಮಧ್ಯದ ದಾರಿಯೂ ಇದೆ: ಸ್ಕ್ರಿಪ್ಟನ್ನು ಜಾಹೀರಾತು ಬರೆಯುವವರೊಬ್ಬರಿಂದ ಪ್ರತ್ಯೇಕವಾಗಿ ಬರೆಸಿ, ಚಿತ್ರೀಕರಣವನ್ನು ಊರಿನವರಿಂದ ಮಾಡಿಸಿ, ಡಿಐ ಮತ್ತು ಮಿಕ್ಸಿಂಗ್ ಮಾತ್ರ ಬೆಂಗಳೂರಿನಲ್ಲಿ. ಅಗ್ಗವಾಗುತ್ತದೆ, ಆದರೆ ಮೂವರನ್ನು ಹೊಂದಿಸುವ ತಲೆನೋವು ಪೂರ್ತಿ ನಿಮ್ಮದೇ. ಚಿತ್ರ ಅದುರಿದ್ದರೆ ಎಡಿಟರ್ ಕ್ಯಾಮೆರಾದವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ಮೊದಲ ಸಲ ಮಾಡಿಸುತ್ತಿರುವ ನಿಮಗೆ ನಾನು ಆ ದಾರಿಯನ್ನು ಸೂಚಿಸಲಾರೆ. ಮೇಲಿನ ತಿದ್ದುಪಡಿಗಳಿಗೆ ಒಪ್ಪುವ ಪಕ್ಷದಲ್ಲಿ, ಕೆಲಸದ ವ್ಯಾಪ್ತಿಯನ್ನು ಕಡಿಮೆ ಮಾಡಿ ಬೆಂಗಳೂರಿನ ಸಂಸ್ಥೆಯಿಂದಲೇ ಮಾಡಿಸುವುದು ನನ್ನ ಸಲಹೆ.

ಯಾರಿಂದ ಮಾಡಿಸಿದರೂ ಕೊನೆಯ ಕಂತು ಕಟ್ಟುವ ಮುನ್ನ ಅಂತಿಮ ಕಡತಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಟ್ಟುಕೊಳ್ಳಿ. ಅವುಗಳ ಜೊತೆಯಲ್ಲೇ ಸಂಗೀತದ ಪರವಾನಗಿ ಪತ್ರ, ಧ್ವನಿ ಕಲಾವಿದರ ಮತ್ತು ಕೆಲಸಗಾರರ ಒಪ್ಪಿಗೆ ಪತ್ರಗಳ ಪ್ರತಿಗಳೂ ಇರಲಿ. ಯೂಟ್ಯೂಬಿನ ತಕರಾರು ವಿಡಿಯೊ ಹಾಕಿದ ವಾರದಲ್ಲೇ ಬರಬೇಕೆಂದಿಲ್ಲ, ವರ್ಷದ ನಂತರವೂ ಬರಬಹುದು. ಆಗ ಸಂಸ್ಥೆಯ ಫೋನ್ ನಂಬರ್ ಬದಲಾಗಿದ್ದರೂ, ಪರವಾನಗಿಯ ಪ್ರತಿ ನಿಮ್ಮ ಬಳಿಯಿದ್ದರೆ ತಕರಾರಿಗೆ ನೀವೇ ನೇರವಾಗಿ ಉತ್ತರಿಸಬಹುದು.